ಚುಚ್ಚುಮದ್ದಿನ ಬಿಲ್ಲು ಯಾರ ಲೆಕ್ಕಕ್ಕೆ?



ಗಿರಾಕಿ ತಿಂದು ಕೈ ತೊಳೆದ ಮೇಲೆ ಮಾಣಿ ಬಿಲ್ಲು ತಂದು ಮುಂದಿಡುತ್ತಾನೆ. ತಿಂದವರು ಕೊಡಬೇಕು, ಅದು ನ್ಯಾಯ. ಪಕ್ಕದ ಮೇಜಿನವರು ತಿಂದದ್ದಕ್ಕೆ ನಮ್ಮ ಮುಂದೆ ಬಿಲ್ಲು ಇಟ್ಟರೆ ಯಾರಾದರೂ ಸುಮ್ಮನಿದ್ದಾರೆಯೆ? ಆದರೆ ಈ ಚೆನ್ನೈ ನಗರದಲ್ಲಿ ನಮ್ಮ ಮುಂದೆ, ಅಂದರೆ ಒಲೆಯ ಮುಂದೆ ಬೇಯುವವರ, ತಟ್ಟೆ ತೊಳೆಯುವವರ, ಮೇಜು ಒರಸುವವರ ಮುಂದೆ, ಅಂಥದೊಂದು ಬಿಲ್ಲು ಬಂದು ಬಿದ್ದಿದೆ. ಅದು ಚುಚ್ಚುಮದ್ದಿನ ಬಿಲ್ಲು.

ಸಂಗತಿ ಹೀಗಿದೆ. 2011ರ ಆಹಾರ ಸುರಕ್ಷತಾ ನಿಯಮಗಳ ನಾಲ್ಕನೆಯ ಅನುಸೂಚಿಯಲ್ಲಿ ಒಂದು ಮಾತು ಉಂಟು. ಆಹಾರ ಮುಟ್ಟುವ ಕೆಲಸಗಾರರಿಗೆ ವರುಷಕ್ಕೊಮ್ಮೆ ವೈದ್ಯರಿಂದ ಪರೀಕ್ಷೆ ಮಾಡಿಸುವ ಏರ್ಪಾಟು ಆಗಬೇಕು. ವಿಷಮಶೀತಜ್ವರ, ಅಂದರೆ ಟೈಫಾಯಿಡ್ ಗುಂಪಿನ ಕಾಯಿಲೆಗಳಿಗೆ ಕಡ್ಡಾಯವಾಗಿ ಚುಚ್ಚುಮದ್ದು ಹಾಕಿಸಿರಬೇಕು. ಅದರ ದಾಖಲೆಯನ್ನು ತನಿಖೆಗೆ ಬಂದವರಿಗೆ ತೋರಿಸಬೇಕು. ಈ ನಿಯಮಕ್ಕೆ ನಮ್ಮ ವಿರೋಧವಿಲ್ಲ. ನೂರು ಜನ ಉಣ್ಣುವ ಅನ್ನವನ್ನು ಮುಟ್ಟುವ ಕೈ ಶುದ್ಧವಾಗಿರಬೇಕು ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಪ್ರಶ್ನೆ ಒಂದೇ: ಹಣ ಯಾರು ಕೊಡಬೇಕು?

ಒಬ್ಬ ಹುಡುಗನ ಕಥೆ

ನಾವು ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ. ಹೊಟೇಲಿನ ಹೆಸರು ಬೇಡ, ಹುಡುಗನ ಹೆಸರೂ ಬೇಡ. ಕುಂದಾಪುರದ ಆಚೆಯಿಂದ ಬಂದವನು, ಹತ್ತೊಂಬತ್ತು ವರುಷ, ಕ್ಲೀನರ್ ಕೆಲಸ. ಮಳೆಗಾಲದಲ್ಲಿ ಜ್ವರ ಹಿಡಿಯಿತು. ಎಂಟು ದಿನ ಜ್ವರದ ಮಾತ್ರೆ ನುಂಗಿ ತಟ್ಟೆ ತೊಳೆದ. ಒಂಬತ್ತನೆಯ ದಿನ ಏಳಲಾರದೆ ಉಗ್ರಾಣದಲ್ಲಿ ಈರುಳ್ಳಿ ಮೂಟೆಗಳ ನಡುವೆ ಮಲಗಿದ. ಆಗ ಅವನನ್ನು ಮಂಗಳೂರಿನ ರೈಲು ಹತ್ತಿಸಿ ಕೈ ತೊಳೆದುಕೊಂಡರು. ಊರು ಮುಟ್ಟಿದ ಮೇಲೆ ಕರುಳು ತೂತಾಗಿದೆ ಎಂದು ತಿಳಿದು ಆಪರೇಷನ್ ಆಯಿತು. ಜೀವ ಉಳಿಯಿತು, ದೇವರ ದಯೆ. ತಾಯಿಯ ಕರಿಮಣಿಸರದ ಚಿನ್ನ ಉಳಿಯಲಿಲ್ಲ.

ಇನ್ನು ಕೇಳಿ. ಆ ಹುಡುಗನಿಗೆ ಚುಚ್ಚುಮದ್ದು ಆಗಿದೆ ಎಂಬ ಸರ್ಟಿಫಿಕೇಟು ಅದೇ ಹೊಟೇಲಿನ ಕಡತದಲ್ಲಿ ಸಹಿ ಮೊಹರು ಸಮೇತ ಕುಳಿತಿತ್ತು! ಸೂಜಿ ಅವನ ತೋಳನ್ನು ಮುಟ್ಟಿರಲಿಲ್ಲ; ಕಾಗದ ಮಾತ್ರ ಮುಟ್ಟಿತ್ತು. ಅವನು ಊರಿಗೆ ಹೋದ ಮೇಲೆ ಭಯ ಹುಟ್ಟಿ ಉಳಿದವರಿಗೆಲ್ಲ ನಿಜವಾದ ಚುಚ್ಚುಮದ್ದು ಹಾಕಿಸಿದರು. ತಿಂಗಳ ಕೊನೆಗೆ ಲಕೋಟೆ ತೆರೆದರೆ ತಲಾ ಆರುನೂರು ರೂಪಾಯಿ ಕಡಮೆ. "ಧಣಿಗಳೇ, ಇದನ್ನು ನಮ್ಮ ಸಂಬಳದಲ್ಲಿ ಯಾಕೆ ಹಿಡಿದಿರಿ?" ಎಂದು ನಾವು ನಾಲ್ವರು ಹೋಗಿ ಕೇಳಿದೆವು. "ತೋಳು ಯಾರದಪ್ಪಾ? ನಿಮ್ಮದು ತಾನೆ?" ಎಂದರು.

ಹೌದು, ತೋಳು ನಮ್ಮದು. ಆ ತೋಳು ರುಬ್ಬಿದ ಹಿಟ್ಟು ಯಾರದು? ಆ ತೋಳು ಎತ್ತಿಕೊಂಡು ಹೋದ ತಟ್ಟೆಯ ದುಡ್ಡು ಯಾರ ಗಲ್ಲಾಪೆಟ್ಟಿಗೆಗೆ ಬಿತ್ತು? ಲೈಸೆನ್ಸು ಧಣಿಗಳ ಹೆಸರಿನಲ್ಲಿದೆ; ಏರ್ಪಾಟು ಮಾಡಬೇಕಾದ ಹೊಣೆಯೂ ವ್ಯಾಪಾರ ನಡೆಸುವವರದೇ. ಸಂಬಳದಲ್ಲಿ ಮನಸ್ಸಿಗೆ ಬಂದಂತೆ ಹಿಡಿಯಬಾರದು ಎಂಬ ಕಾನೂನು ಈ ದೇಶದಲ್ಲಿ 1936ರಿಂದ ಇದೆ. ಗ್ಯಾಸಿನ ಬಿಲ್ಲು, ಕರೆಂಟಿನ ಬಿಲ್ಲು, ಲೈಸೆನ್ಸಿನ ಫೀಸು ಇವೆಲ್ಲ ವ್ಯಾಪಾರದ ಖರ್ಚಾದರೆ, ಚುಚ್ಚುಮದ್ದು ಮಾತ್ರ ಕೂಲಿಯವನ ಖರ್ಚು ಹೇಗಾಯಿತು?

ತಪ್ಪು ಯಾವಾಗಲೂ ಅಡಿಗೆಯವಳದು

ಜ್ವರ ಬಂದರೆ ಮೊದಲು ಬೆರಳು ತೋರಿಸುವುದು ಅಡಿಗೆಮನೆಯ ಕಡೆಗೆ. ಇದು ಇವತ್ತಿನ ಮಾತಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ ಮೇರಿ ಮಾಲನ್ ಎಂಬ ಅಡಿಗೆಯ ಹೆಂಗಸಿದ್ದಳು. ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದವಳು. ಅವಳಿಗೆ ಕಾಯಿಲೆಯ ಲಕ್ಷಣವೇ ಇರಲಿಲ್ಲ. ಆದರೆ ಟೈಫಾಯಿಡ್ ಕ್ರಿಮಿ ಅವಳ ಒಡಲಲ್ಲಿ ವಾಸವಾಗಿತ್ತು. 1907ರಲ್ಲಿ ಹಿಡಿದು ಒಂದು ದ್ವೀಪದಲ್ಲಿಟ್ಟರು. 1910ರಲ್ಲಿ ಬಿಟ್ಟರು. ಹೊಟ್ಟೆಪಾಡಿಗಾಗಿ ಹೆಸರು ಮರೆಸಿಕೊಂಡು ಮತ್ತೆ ಅಡಿಗೆಗೆ ನಿಂತಳು. ಮತ್ತೆ ಜ್ವರ ಹಬ್ಬಿತು. 1915ರಲ್ಲಿ ಮತ್ತೆ ಹಿಡಿದರು. 1938ರಲ್ಲಿ ಸಾಯುವವರೆಗೂ ಅವಳು ಅಲ್ಲೇ ಇದ್ದಳು. ಅವಳಂತೆಯೇ ಕ್ರಿಮಿ ಹೊತ್ತವರು ಆ ನಗರದಲ್ಲಿ ನೂರಾರು ಮಂದಿ ಇದ್ದರು. ಅವರನ್ನು ಯಾರೂ ಅವಳಂತೆ ಜೀವಮಾನವಿಡೀ ಕೂಡಿಹಾಕಲಿಲ್ಲ. ಅವಳು ಮಾಡಿದ್ದೆಲ್ಲ ಸರಿ ಎಂದು ನಾವು ಹೇಳುವುದಿಲ್ಲ. ಆದರೆ ಲೋಕಕ್ಕೆ ನೆನಪಿರುವುದು ಅಡಿಗೆಯವಳ ಹೆಸರು ಮಾತ್ರ, ನೋಡಿ!

ಟೈಫಾಯಿಡ್ ಕ್ರಿಮಿ ಮನುಷ್ಯನ ಒಡಲಲ್ಲಿ ಮಾತ್ರ ಬೆಳೆಯುವಂಥದು. ಒಬ್ಬನ ಮಲದಿಂದ ನೀರಿಗೆ, ನೀರಿನಿಂದ ಇನ್ನೊಬ್ಬನ ಬಾಯಿಗೆ. ಕುಡಿಯುವ ನೀರಿನ ಕೊಳವೆಗೆ ಚರಂಡಿ ಸೋರಿದರೆ ಅದು ಅಡಿಗೆಭಟ್ಟರ ತಪ್ಪೆ? ಇಪ್ಪತ್ತು ಮಂದಿಗೆ ಒಂದೇ ಕಕ್ಕಸು, ಅದರಲ್ಲೂ ಸಾಬೂನಿಲ್ಲ, ಅದು ಮಾಣಿಯ ತಪ್ಪೆ? ಚುಚ್ಚುಮದ್ದು ಬೇಕು, ಅದರ ಜೊತೆಗೆ ನೀರೂ ಬೇಕು, ಸಾಬೂನೂ ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಮರೆಸುವುದು ಮೋಸ.

ವಿಜ್ಞಾನಿಗಳು ತಮ್ಮ ಕೆಲಸ ಮಾಡಿದ್ದಾರೆ

ಈಗ ಲಸಿಕೆಯ ವಿಚಾರಕ್ಕೆ ಬರೋಣ. ನಾವು ಮಿಡ್ಲ್ ಸ್ಕೂಲ್ ಓದಿದವರು, ಡಾಕ್ಟರಲ್ಲ. ಕೇಳಿ ತಿಳಿದುಕೊಂಡದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ.

ಟೈಫಾಯಿಡ್ ಕ್ರಿಮಿಯ ಮೈಮೇಲೆ ಸಕ್ಕರೆಯ ಜಾತಿಯ ಒಂದು ಹೊದಿಕೆ ಇದೆ. ಅದಕ್ಕೆ 'ವಿಐ' ಎಂದು ಹೆಸರು. ಆ ಹೊದಿಕೆಯನ್ನು ಮಾತ್ರ ಬಿಡಿಸಿ ತೆಗೆದು ಚುಚ್ಚಿದರೆ ದೊಡ್ಡವರ ಮೈ ಕ್ರಿಮಿಯ ಗುರುತು ಹಿಡಿಯುತ್ತದೆ. ಇದು ಹಳೆಯ ಬಗೆಯ ಲಸಿಕೆ. ಮೂರು ವರುಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಎಳೆಯ ಕೂಸುಗಳ ಮೈಗೆ ಬರೀ ಸಕ್ಕರೆಯ ಗುರುತು ಹತ್ತುವುದಿಲ್ಲ. ಆಗ ಅಮೆರಿಕದ ಸರಕಾರಿ ಪ್ರಯೋಗಾಲಯವೊಂದರಲ್ಲಿ ಜಾನ್ ರಾಬಿನ್ಸ್, ರೇಚಲ್ ಶ್ನೀರ್ಸನ್ ಮತ್ತು ಅವರ ಜೊತೆಯವರು ಒಂದು ಉಪಾಯ ಮಾಡಿದರು. ಸಕ್ಕರೆಯನ್ನು ಒಂದು ಪ್ರೋಟೀನಿಗೆ ಗಂಟು ಹಾಕಿದರು. ಪ್ರೋಟೀನನ್ನು ಮೈ ಚೆನ್ನಾಗಿ ಗುರುತಿಸುತ್ತದೆ. ಅದರ ಸಂಗಡ ಸಕ್ಕರೆಯನ್ನೂ ಗುರುತಿಸಲು ಕಲಿಯುತ್ತದೆ. ವಿಯೆಟ್ನಾಮಿನ ಮಕ್ಕಳಲ್ಲಿ ನೋಡಿದರೆ ನೂರಕ್ಕೆ ತೊಂಬತ್ತರ ಮೇಲೆ ರಕ್ಷಣೆ. ಆ ವರದಿ 2001ರಲ್ಲಿ ಪ್ರಕಟವಾಯಿತು.

ಇದೇ ತತ್ತ್ವದ ಮೇಲೆ ನಮ್ಮ ಹೈದರಾಬಾದಿನ ಭಾರತ್ ಬಯೋಟೆಕ್ ಕಂಪೆನಿಯವರು ಮಾಡಿದ ಲಸಿಕೆಗೆ 2013ರಲ್ಲಿ ಭಾರತದಲ್ಲಿ ಪರವಾನಗಿ ಸಿಕ್ಕಿತು. ಅದನ್ನು ಪರೀಕ್ಷಿಸಲು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಸುಮಾರು ನೂರು ಮಂದಿ ಸ್ವಯಂಸೇವಕರು ಟೈಫಾಯಿಡ್ ಕ್ರಿಮಿಯನ್ನು ತಿಳಿದೂ ತಿಳಿದೂ ಕುಡಿದರು. ಆಮೇಲೆ ನೇಪಾಳದಲ್ಲಿ ಇಪ್ಪತ್ತು ಸಾವಿರ ಮಕ್ಕಳಲ್ಲಿ ನೋಡಿದರು. 2019ರ ವರದಿಯಂತೆ ನೂರಕ್ಕೆ ಎಂಬತ್ತೆರಡರಷ್ಟು ರಕ್ಷಣೆ. ಅದೂ ಒಂದೇ ಚುಚ್ಚುಮದ್ದಿನಲ್ಲಿ!

ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರ ಮುಂದಾಳ್ತನದಲ್ಲಿ 2017ರಿಂದ 2020ರವರೆಗೆ ದೇಶದ ಹಲವು ಕಡೆ ಮನೆಮನೆಯ ಮಕ್ಕಳ ಜ್ವರವನ್ನು ಲೆಕ್ಕ ಹಾಕಿದರು. ವೆಲ್ಲೂರಿನಲ್ಲೇ ಲಕ್ಷ ಮಕ್ಕಳಿಗೆ ವರುಷಕ್ಕೆ ಸಾವಿರಕ್ಕೂ ಮೀರಿ ಟೈಫಾಯಿಡ್ ಕಂಡಿತು. ವೆಲ್ಲೂರು ಎಷ್ಟು ದೂರ? ರೈಲು ಹತ್ತಿದರೆ ಮೂರು ಗಂಟೆಯೊಳಗಿನ ದಾರಿ. ನಮ್ಮ ಕೆಲಸಗಾರರ ಮಕ್ಕಳು ಇರುವುದೂ ಅಂಥ ಓಣಿಗಳಲ್ಲೇ ಅಲ್ಲವೆ?

ಇದೊಂದೇ ಅಲ್ಲ. ಕೂಸುಗಳ ಭೇದಿಗೆ ಕಾರಣವಾದ ರೋಟಾ ವೈರಸ್ಸಿಗೆ ದೆಹಲಿಯ ಡಾಕ್ಟರ್ ಎಂ.ಕೆ. ಭಾನ್ ಮೂವತ್ತು ವರುಷದ ಹತ್ತಿರ ದುಡಿದರು. ವೆಲ್ಲೂರಿನ ಡಾಕ್ಟರ್ ಗಗನದೀಪ್ ಕಾಂಗ್ ಮತ್ತು ಸಂಗಡಿಗರು ಪರೀಕ್ಷೆ ನಡೆಸಿದರು. ಒಂದು ಡಾಲರಿಗೆ ಒಂದು ಡೋಸು ಎಂಬ ಮಾತಿನ ಮೇಲೆ ಆ ಲಸಿಕೆ 2015ರಲ್ಲಿ ಹೊರಬಂತು. ಆಫ್ರಿಕಾದ ಮಿದುಳುಜ್ವರಕ್ಕೆ ಪುಣೆಯಲ್ಲಿ ತಯಾರಾದ ಲಸಿಕೆ 2010ರಲ್ಲಿ ಅರ್ಧ ಡಾಲರಿಗಿಂತ ಕಡಮೆಗೆ ಬುರ್ಕಿನಾ ಫಾಸೊ ದೇಶಕ್ಕೆ ಹೋಯಿತು. ಕೋವಿಡ್ ಕಾಲದಲ್ಲಿ ಅಮೆರಿಕದ ಟೆಕ್ಸಾಸಿನ ಪೀಟರ್ ಹೋಟೆಜ್ ಮತ್ತು ಮರಿಯಾ ಎಲೆನಾ ಬೊಟ್ಟಾಜಿ ತಮ್ಮ ಲಸಿಕೆಗೆ ಪೇಟೆಂಟು ಹಿಡಿಯದೆ ಹೈದರಾಬಾದಿನ ಬಯೋಲಾಜಿಕಲ್ ಇ ಕಂಪೆನಿಗೆ ಕೊಟ್ಟರು. ಅದಕ್ಕೂ ಮೊದಲು, 1955ರಲ್ಲಿ, ಪೋಲಿಯೋ ಲಸಿಕೆಯ ಒಡೆಯರು ಯಾರು ಎಂದು ಕೇಳಿದಾಗ ಜೋನಾಸ್ ಸಾಲ್ಕ್ ಅದು ಜನರದು ಎಂದರು. ಸೂರ್ಯನಿಗೆ ಪೇಟೆಂಟು ಹಿಡಿಯಲಾದೀತೆ ಎಂದು ತಿರುಗಿ ಕೇಳಿದರು. ಇಂಥವರಿಗೆ ನಾವು ಕೈಮುಗಿಯುತ್ತೇವೆ. ಇವರು ಅಡಿಗೆ ಮಾಡಿಟ್ಟಿದ್ದಾರೆ. ಬಡಿಸುವವರೇ ಪಂಕ್ತಿಭೇದ ಮಾಡುತ್ತಿದ್ದಾರೆ.

ಒಂದೇ ಇಡ್ಲಿಗೆ ಮೂರು ರೇಟು

ಪಂಕ್ತಿಭೇದ ಹೇಗೆ ಎಂದು ಕೇಳುವಿರಾ? ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ 2016ರಲ್ಲಿ ಮದ್ದಿಗೆ ಬಗ್ಗದ ಟೈಫಾಯಿಡ್ ಎದ್ದಿತು. 2019ರಲ್ಲಿ ಪಾಕಿಸ್ತಾನವು ಆ ಪ್ರಾಂತದ ಮಕ್ಕಳಿಗೆ ಲಸಿಕೆ ಹಾಕಿಸಹೊರಟಿತು. ಆ ಲಸಿಕೆ ನಮ್ಮ ದಖ್ಖಣದ ಹೈದರಾಬಾದಿನದು! ಬಡದೇಶಗಳಿಗೆ ಲಸಿಕೆ ಕೊಳ್ಳುವ ಗಾವಿ ಸಂಸ್ಥೆಗೆ ಕಂಪೆನಿ ಒಪ್ಪಿದ ಬೆಲೆ ಡೋಸಿಗೆ ಒಂದೂವರೆ ಡಾಲರು ಅಥವಾ ಅದಕ್ಕೂ ಕಡಮೆ. ಆಗಿನ ಲೆಕ್ಕದಲ್ಲಿ ನೂರು ರೂಪಾಯಿಯ ಆಸುಪಾಸು. ಕರಾಚಿಯ ಕೂಸಿನ ತೋಳಿಗೆ ಅದು ಮುಟ್ಟಿದ್ದು ನಮಗೆ ಸಂತೋಷ. ಕೂಸಿಗೆ ಗಡಿಯಿಲ್ಲ, ಜ್ವರಕ್ಕೂ ಗಡಿಯಿಲ್ಲ. ಆದರೆ ಆ ಜಾತಿಯ ಲಸಿಕೆಯನ್ನೇ ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಕೇಳಿದರೆ ಬೆಲೆ ಸಾವಿರ ದಾಟುತ್ತದೆ. ನೂರು ರೂಪಾಯಿಗೆ ಕೊಟ್ಟೂ ಕಂಪೆನಿ ಮುಳುಗಲಿಲ್ಲ ಎಂದ ಮೇಲೆ, ಉಳಿದ ದುಡ್ಡು ಯಾವುದರ ಬೆಲೆ?

2021ರ ಏಪ್ರಿಲ್ ಮರೆತಿರಾ? ಪುಣೆಯ ಕೋವಿಶೀಲ್ಡ್ ಲಸಿಕೆ ಕೇಂದ್ರ ಸರಕಾರಕ್ಕೆ 150 ರೂಪಾಯಿ, ರಾಜ್ಯಗಳಿಗೆ 400, ಖಾಸಗಿ ಆಸ್ಪತ್ರೆಗೆ 600 ಎಂದು ಸಾರಿದರು. ಒಂದೇ ಹಿಟ್ಟು, ಒಂದೇ ತಟ್ಟೆ, ಮೂರು ರೇಟು! ನಮ್ಮ ಯಾವ ಹೊಟೇಲಿನಲ್ಲಾದರೂ ಹೀಗೆ ಇಡ್ಲಿ ಮಾರಿದರೆ ಗಿರಾಕಿಗಳು ಬಿಟ್ಟಾರೆಯೆ? ಜನ ಕೂಗಿದರು, ರಾಜ್ಯಗಳು ಕೂಗಿದವು. ರಾಜ್ಯಗಳ ರೇಟು 300ಕ್ಕೆ ಇಳಿಯಿತು. ಜೂನಿನಲ್ಲಿ ಕೇಂದ್ರವೇ ಕೊಂಡು ರಾಜ್ಯಗಳಿಗೆ ಪುಕ್ಕಟೆ ಕೊಡುವ ತೀರ್ಮಾನ ಆಯಿತು. ಕೂಗದಿದ್ದರೆ ಇಳಿಯುತ್ತಿತ್ತೆ?

ಕಾಸರಗೋಡಿನಲ್ಲಿ ಆದದ್ದು ಇಲ್ಲಿ ಯಾಕಾಗದು?

ಧಣಿಗಳ ಕಡೆಯ ಮಾತನ್ನೂ ಕೇಳೋಣ. "ಬಾಡಿಗೆ ಏರಿದೆ, ಗ್ಯಾಸು ಏರಿದೆ, ಸಣ್ಣ ಹೊಟೇಲಿನವರು ಎಲ್ಲಿಂದ ತರುವುದು?" ಎನ್ನುತ್ತಾರೆ. ನಾಲ್ಕು ಮೇಜಿನ ಹೊಟೇಲು ನಡೆಸುವವರ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ; ಅವರಲ್ಲಿ ಎಷ್ಟೋ ಮಂದಿ ನಿನ್ನೆ ನಮ್ಮೊಡನೆ ತಟ್ಟೆ ತೊಳೆದವರು. ಅವರಿಗೆ ನಮ್ಮ ಉತ್ತರ ಇದು: ನೀವು ನಮ್ಮ ಸಂಬಳಕ್ಕೆ ಕೈ ಹಾಕುವ ಬದಲು ನಮ್ಮ ಸಂಗಡ ಬಂದು ಬೆಲೆಯನ್ನು ಕೇಳಿ.

ಕೇಳಿದರೆ ಸಿಗುತ್ತದೆಯೆ? ಸಿಕ್ಕಿದೆ. 2023ರಲ್ಲಿ ಕೇರಳ ಸರಕಾರವು ಹೊಟೇಲು ಕೆಲಸಗಾರರಿಗೆ ಹೆಲ್ತ್ ಕಾರ್ಡು ಕಡ್ಡಾಯ ಮಾಡಿತು. ಹೊರಗೆ ಲಸಿಕೆಯ ಬೆಲೆ ದುಬಾರಿ ಎಂದು ಗಲಾಟೆ ಎದ್ದಿತು. ಆಗ ಸರಕಾರವೇ ಟೈಫಾಯಿಡ್ ಲಸಿಕೆಯನ್ನು ಸಗಟಾಗಿ ಕೊಂಡು ಕಾರುಣ್ಯ ಔಷಧಿ ಅಂಗಡಿಗಳಲ್ಲಿ ನೂರು ರೂಪಾಯಿಗೂ ಕಡಮೆಗೆ ಮಾರಿಸಿತು. ಹಳೆಯ ಬಗೆಯದೇ ಇರಲಿ, ಕಾನೂನಿಗೂ ದೊಡ್ಡವರ ಮೈಗೂ ಅದು ಆಗುತ್ತದೆ. ಕಾಸರಗೋಡಿನ ನಮ್ಮ ತಮ್ಮಂದಿರಿಗೆ ನೂರು ರೂಪಾಯಿಯೊಳಗೆ ಸಿಕ್ಕಿದ್ದು ಚೆನ್ನೈಯಲ್ಲಿ ದುಡಿಯುವ ಅಣ್ಣಂದಿರಿಗೆ ಯಾಕೆ ಸಿಗಬಾರದು?

ಗಿಂಡಿಯಲ್ಲಿ ಏನಿತ್ತು?

ಈ ಚೆನ್ನೈ ನಗರಕ್ಕೆ ಲಸಿಕೆ ಹೊಸದಲ್ಲ. ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟು 1899ರಲ್ಲಿ ಆರಂಭವಾಗಿ ಸಿಡುಬಿನ ಲಸಿಕೆ ಒದಗಿಸಿತು. ನಮ್ಮ ಅಜ್ಜಂದಿರ ತೋಳಿನ ಮೇಲೆ ದಾಕು ಹಾಕಿದ ಗುರುತು ನೋಡಿದ್ದೀರಲ್ಲ, ಆ ಕಾಲದ್ದು. ಅದೇ ಗಿಂಡಿಯಲ್ಲಿ 1948ರಲ್ಲಿ ಬಿ.ಸಿ.ಜಿ. ಲಸಿಕೆಯ ಸರಕಾರಿ ಪ್ರಯೋಗಾಲಯ ಹುಟ್ಟಿತು. ದೇಶದ ಕೋಟ್ಯಂತರ ಕೂಸುಗಳ ಎಡತೋಳಿಗೆ ಇಲ್ಲಿನ ಸೀಸೆಯಿಂದ ಮದ್ದು ಹೋಯಿತು. ಅದನ್ನು ಮಾಡಿದವರು ಸರಕಾರಿ ಸಂಬಳದ ವಿಜ್ಞಾನಿಗಳು. ಸೀಸೆ ತೊಳೆದವರು, ತುಂಬಿದವರು ನಮ್ಮಂಥ ಕೆಲಸಗಾರರು.

2008ರ ಜನವರಿಯಲ್ಲಿ ಏನಾಯಿತು? ಗಿಂಡಿ, ಕೂನೂರು, ಕಸೌಲಿಯ ಮೂರೂ ಸರಕಾರಿ ಲಸಿಕೆ ಘಟಕಗಳ ಪರವಾನಗಿಯನ್ನು ಒಟ್ಟಿಗೆ ಅಮಾನತಿನಲ್ಲಿಟ್ಟರು. ಕಟ್ಟಡ, ಯಂತ್ರ ಈ ಕಾಲದ ನಿಯಮಕ್ಕೆ ತಕ್ಕಂತಿಲ್ಲ ಎಂಬುದು ಕಾರಣ. ಒಪ್ಪೋಣ, ಮದ್ದು ಮಾಡುವ ಜಾಗ ಚೊಕ್ಕಟವಿರಲೇಬೇಕು. ಆದರೆ ಒಲೆ ಹಳೆಯದಾದರೆ ಒಲೆ ರಿಪೇರಿ ಮಾಡುತ್ತಾರೆ. ಅಡಿಗೆಮನೆಗೆ ಬೀಗ ಹಾಕಿ ಎದುರು ಹೊಟೇಲಿನಿಂದ ದಿನಾ ಊಟ ತರಿಸುತ್ತಾರೆಯೆ? ಸರಕಾರ ಖಾಸಗಿ ಕಂಪೆನಿಗಳ ಬಾಗಿಲಿಗೆ ಹೋಗಿ ನಿಲ್ಲಬೇಕಾಯಿತು. ಪಾರ್ಲಿಮೆಂಟಿನ ಸಮಿತಿ ಪ್ರಶ್ನೆ ಮಾಡಿತು, ಸುಪ್ರೀಮ್ ಕೋರ್ಟಿಗೆ ದೂರು ಹೋಯಿತು. 2010ರಲ್ಲಿ ಅಮಾನತು ತೆರವಾಯಿತು.

ಆಮೇಲೆ ಚೆಂಗಲ್ಪಟ್ಟಿನಲ್ಲಿ ನೂರು ಎಕರೆಯಲ್ಲಿ ದೊಡ್ಡ ಲಸಿಕೆ ಕಾರ್ಖಾನೆ ಎಂದರು. 2012ರಲ್ಲಿ 594 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು. ಕೋವಿಡ್ ಬಂದು ಜನ ಉಸಿರಿಗೆ ಪರದಾಡಿದ 2021ರಲ್ಲಿ ಅಲ್ಲಿಂದ ಕೋವಿಡ್ ಲಸಿಕೆಯ ಒಂದು ಸೀಸೆಯೂ ಹೊರಬರಲಿಲ್ಲ. ಮುಖ್ಯಮಂತ್ರಿಯಾಗಿದ್ದ ಸ್ಟಾಲಿನ್ ಮೇ ತಿಂಗಳಲ್ಲಿ ಅಲ್ಲಿಗೆ ಹೋಗಿ ನೋಡಿದರು. ರಾಜ್ಯಕ್ಕೆ ಗುತ್ತಿಗೆಗೆ ಕೊಡಿ ಎಂದು ಪ್ರಧಾನಿಗೆ ಬರೆದರು. ಜನರ ದುಡ್ಡಿನಲ್ಲಿ ಒಲೆ ಹೂಡಿ, ಪಾತ್ರೆ ಜೋಡಿಸಿ, ಹಸಿದವರು ಬಂದಾಗ ಬೆಂಕಿ ಹಚ್ಚದಿದ್ದರೆ ಅದಕ್ಕೆ ಏನೆನ್ನಬೇಕು, ನೀವೇ ಹೇಳಿ.

ಖಾಸಗಿಯವರು ಬೇಡ ಎಂದು ನಾವು ಹೇಳುತ್ತಿಲ್ಲ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಕಾಮಾಲೆಯ ಲಸಿಕೆ ತಂದ ಮೇಲೆ ಹೊರದೇಶದ ದುಬಾರಿ ಲಸಿಕೆಯ ಸೊಕ್ಕು ಇಳಿಯಿತು; ಬೆಲೆ ಬಿತ್ತು. ಆದರೆ 2009ರಲ್ಲಿ ಆ ಕಂಪೆನಿ ಫ್ರಾನ್ಸಿನ ಸನೋಫಿಯವರ ಕೈ ಸೇರಿತು. ಒಬ್ಬ ಒಳ್ಳೆಯ ಧಣಿಯ ಮನಸ್ಸನ್ನು ನಂಬಿ ಜನರ ಆರೋಗ್ಯ ನಡೆಯಲಾರದು. ಧಣಿ ಬದಲಾದರೆ ರೇಟೂ ಬದಲಾದೀತು. ಜನರ ಕಾರ್ಖಾನೆ ಒಂದು ಇದ್ದರೆ ಎಲ್ಲರ ರೇಟೂ ಅಂಕೆಯಲ್ಲಿರುತ್ತದೆ.

ನಮ್ಮ ತಪ್ಪೂ ಉಂಟು

ಬಂಧುಗಳೇ, ಬೇರೆಯವರ ಕಡೆಗೆ ಮಾತ್ರ ಬೆರಳು ತೋರಿಸಿದರೆ ಸಾಲದು. ನಮ್ಮಲ್ಲೇ ಎಷ್ಟು ಮಂದಿ ಇನ್ನೂರು ಕೊಟ್ಟು ಸೂಜಿಯಿಲ್ಲದ ಸರ್ಟಿಫಿಕೇಟು ತಂದಿಲ್ಲ? "ನನಗೇನಾಗುತ್ತದೆ ಮಾರಾಯ, ರಟ್ಟೆ ನೋಯುತ್ತದೆ, ನಾಳೆ ಡ್ಯೂಟಿ ಇದೆ" ಎಂದವರು ಎಷ್ಟು ಮಂದಿ? ಆ ಕುಂದಾಪುರದ ಹುಡುಗನ ಕೈಗೆ ಸುಳ್ಳು ಕಾಗದ ಕೊಟ್ಟಾಗ ಪಕ್ಕದಲ್ಲಿ ನಾವೇ ನಿಂತಿದ್ದೆವು, ನಗುತ್ತಿದ್ದೆವು. ಆ ನಗೆ ಈಗ ಗಂಟಲಲ್ಲಿ ಮುಳ್ಳಾಗಿದೆ. ಸುಳ್ಳು ಕಾಗದ ತನಿಖೆಯವರನ್ನು ತಡೆದೀತು; ಜ್ವರವನ್ನು ತಡೆಯದು.

ನಾವು ಕೇಳುವುದು ಇಷ್ಟೇ:

1. ಚುಚ್ಚುಮದ್ದಿನ ಖರ್ಚು ಹೊಟೇಲಿನದು. ಸಂಬಳದಲ್ಲಿ ಒಂದು ಕಾಸೂ ಹಿಡಿಯಬಾರದು. ಹಿಡಿದದ್ದನ್ನು ಹಿಂದಕ್ಕೆ ಕೊಡಬೇಕು. ಹಾಕಿಸಿಕೊಂಡ ದಿನವನ್ನು ಡ್ಯೂಟಿಯ ದಿನವೆಂದೇ ಎಣಿಸಬೇಕು.

2. ರಾಜ್ಯ ಸರಕಾರ ಕೇರಳದಂತೆ ಸಗಟಾಗಿ ಕೊಂಡು, ಕೊಂಡ ಬೆಲೆಗೇ ನಗರದ ಆರೋಗ್ಯ ಕೇಂದ್ರಗಳಲ್ಲಿ ಹೊಟೇಲು ಕೆಲಸಗಾರರಿಗೆ ಹಾಕಿಸಬೇಕು. ಸೂಜಿ ಹಾಕಿದ ಕೈಯೇ ಸರ್ಟಿಫಿಕೇಟು ಬರೆಯಬೇಕು.

3. ಮಕ್ಕಳಿಗೆ ಹೊಸ ಬಗೆಯ ಟೈಫಾಯಿಡ್ ಲಸಿಕೆ ಪುಕ್ಕಟೆ ಸಿಗಬೇಕು. ನವಿ ಮುಂಬಯಿಯ ನಗರಸಭೆ 2018ರಲ್ಲೇ ಆರಂಭಿಸಿ ತೋರಿಸಿತು. ಲಸಿಕೆಯ ಬಗ್ಗೆ ಕೇಂದ್ರಕ್ಕೆ ಸಲಹೆ ಕೊಡುವ ತಜ್ಞರ ಮಂಡಳಿ 2022ರಲ್ಲಿ ಶಿಫಾರಸು ಮಾಡಿತು. ಆ ಶಿಫಾರಸು ಕಾಗದದಿಂದ ಕೂಸಿನ ತೋಳಿಗೆ ಇಳಿಯುವವರೆಗೆ ನಾವು ಕೇಳುತ್ತಲೇ ಇರುತ್ತೇವೆ.

4. ಗಿಂಡಿ, ಕೂನೂರು, ಚೆಂಗಲ್ಪಟ್ಟುಗಳಲ್ಲಿ ಜನರ ದುಡ್ಡಿನಿಂದ ಕಟ್ಟಿದ್ದು ಜನರ ಮದ್ದಿಗೇ ದುಡಿಯಬೇಕು.

5. ಪ್ರತಿ ಹೊಟೇಲಿನಲ್ಲೂ ಕೆಲಸಗಾರರಿಗೆ ಶುದ್ಧ ನೀರು, ಸಾಬೂನು, ಸಾಕಷ್ಟು ಕಕ್ಕಸು, ಮಲಗಲು ಮನುಷ್ಯರ ಜಾಗ ಬೇಕು. ಜ್ವರ ಬಂದವನಿಗೆ ರಜೆ ಬೇಕು, ರೈಲು ಟಿಕೇಟಲ್ಲ.

ರಜೆಯ ದಿನ ಸಂಘದ ಕೋಣೆಗೆ ಬನ್ನಿ. ಬರುವಾಗ ಸಂಬಳದ ಚೀಟಿ ತನ್ನಿ. ಚೀಟಿ ಕೊಡದಿದ್ದರೆ ಎಷ್ಟು ಹಿಡಿದರು ಎಂದು ತಾರೀಖು ಸಮೇತ ಬರೆದು ತನ್ನಿ. ಒಬ್ಬನೇ ಹೋಗಿ ಕೇಳಿದರೆ ತೋಳು ಯಾರದು ಎನ್ನುತ್ತಾರೆ. ನೂರು ತೋಳು ಒಟ್ಟಿಗೆ ಹೋಗಿ ಮೇಜಿನ ಮೇಲೆ ಆ ಬಿಲ್ಲನ್ನು ತಿರುಗಿಸಿ ಇಡೋಣ. ತಿಂದವರು ಕೊಡಲಿ.